ಬ್ಲೈಟಿ ಎಂಬ ಊರು

ಪುಣೆಯ ಸ್ವಾರಗೇಟಿನಿಂದ ಸಾತಾರಾ ರಸ್ತೆ ಹಿಡಿದು ಕಾತ್ರಜದ ಕಡೆಗೆ ಹೊರಟರೆ, ಗುಡ್ಡ ಹತ್ತುವುದಕ್ಕೆ ಮೊದಲು ಬಲಕ್ಕೆ ಸಿಗುವ ವಸತಿಯೇ ನಮ್ಮ ಧನಕವಡಿ. ಶಂಕರ ಮಹಾರಾಜರ ಮಠ ಎಂದರೆ ಸಾಕು, ರಿಕ್ಷಾದವನಿಗೆ ಬೇರೆ ಗುರುತು ಹೇಳಬೇಕಾಗಿಲ್ಲ. ಮರಾಠಿಗರು ಈ ಹೆಸರನ್ನು ಒಂದೇ ಉಸಿರಿನಲ್ಲಿ ಅಂದುಬಿಡುತ್ತಾರೆ. ಬೆಳಗಾವಿಯ ಕಡೆಯಿಂದ ಬಂದ ನಮ್ಮ ಕಿವಿಗೆ ಮಾತ್ರ ಧನ ಬೇರೆ, ಕವಡಿ ಬೇರೆಯಾಗಿಯೇ ಕೇಳಿಸುತ್ತದೆ. ಧನ ಕೂಡೀತೆಂದು ಬಂದೆವು, ಕವಡಿಯಾದರೂ ಉಳಿಯಿತಲ್ಲ ಎಂದು ನಾವು ನಾವೇ ನಗೆಯಾಡುವುದುಂಟು. ಇಲ್ಲಿ ಮನೆ ಮಾಡಿ 30 ವರ್ಷಗಳ ಮೇಲಾಯಿತು. ಆದರೂ ಯಾರಾದರೂ “ನಿಮ್ಮ ಊರು ಯಾವುದು?” ಎಂದು ಕೇಳಿದರೆ ನಮ್ಮ ಬಾಯಿಂದ ಧನಕವಡಿ ಎಂದು ಇದುವರೆಗೆ ಬಂದಿಲ್ಲ. ಬೈಲಹೊಂಗಲ ತಾಲೂಕಿನ ನಮ್ಮ ಹಳ್ಳಿಯ ಹೆಸರೇ ಬರುತ್ತದೆ. ಓದುಗರಲ್ಲಿ ಅನೇಕರ ಪಾಡೂ ಇದೇ ಇದ್ದೀತು.

ಈ ಊರಿನ ಮಾತು ಈಗ ಏಕೆ ಬಂತೆಂದರೆ, ಅದಕ್ಕೆ ಕಾರಣ ಒಂದು ಇಂಗ್ಲಿಷ್ ಶಬ್ದ.

ನಮ್ಮ ಅಣ್ಣನ ಮಗ ಮ್ಯಾಂಚೆಸ್ಟರಿನಲ್ಲಿ ನೌಕರಿಯಲ್ಲಿದ್ದಾನೆ. ಹೋಗಿ ಹದಿನಾಲ್ಕು ವರ್ಷಗಳಾದವು. ಕಳೆದ ದೀಪಾವಳಿಗೆ ಹೆಂಡತಿ ಮಕ್ಕಳೊಡನೆ ಬಂದು, ಊರಿನಲ್ಲಿ ಹತ್ತು ದಿನ ಇದ್ದು, ಮರಳುವಾಗ ನಮ್ಮಲ್ಲಿಯೂ ನಾಲ್ಕು ದಿನ ಉಳಿದು ಹೋದನು. ಹೋದ ಎರಡನೆಯ ದಿನ ಮೊಬೈಲಿನಲ್ಲಿ ಅವನ ಸಂದೇಶ ಬಂತು. ನಮ್ಮ ಕನ್ನಡಕ ಎಲ್ಲಿಯೋ ಇತ್ತು, ಮೊಮ್ಮಗಳು ಓದಿ ಹೇಳಿದಳು: “ಬ್ಯಾಕ್ ಇನ್ ಬ್ಲೈಟಿ. ಎಲ್ಲರೂ ಸುಖವಾಗಿ ಮುಟ್ಟಿದಿವಿ, ಕಾಕಾ.”

“ಅಜ್ಜಾ, ಬ್ಲೈಟಿ ಅಂದರೇನು?” ಎಂದು ಕೇಳಿದಳು.

ಮೂವತ್ತೊಂದು ವರ್ಷ ಕಚೇರಿಯಲ್ಲಿ ಇಂಗ್ಲಿಷ್ ಕಾಗದ ಬರೆದ ನಾವು ಗೊತ್ತಿಲ್ಲ ಎಂದು ಹೇಳುವುದುಂಟೇ? ಬ್ಲೈಟ್ ಎಂಬ ಶಬ್ದ ನಮಗೆ ಗೊತ್ತಿತ್ತು. ಬಟಾಟೆಗೂ ಟೊಮೆಟೊಗೂ ಬೀಳುವ ಅಂಗಮಾರಿ ರೋಗಕ್ಕೆ ಹಾಗೆನ್ನುತ್ತಾರೆ. “ಬೆಳಿಗೆ ಬರೋ ರೋಗ ಇರಬೇಕವ್ವ” ಎಂದೆವು. ಹುಡುಗಿ ಹುಬ್ಬು ಗಂಟಿಕ್ಕಿದಳು. “ಅಂದರ ಕಾಕಾ ರೋಗದ ಊರಿಗೆ ಹೋದನೇನು?” ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ರಾತ್ರಿ ಊರಿನಿಂದ ಅಣ್ಣನ ಫೋನು ಬಂತು. ಅವನಿಗೂ ಅದೇ ಸಂದೇಶ ಹೋಗಿತ್ತು. ಅಣ್ಣನಿಗೆ ಬ್ಲೈಟಿಯ ಚಿಂತೆ ಇರಲಿಲ್ಲ. ಅವನನ್ನು ಚುಚ್ಚಿದ್ದು ಅದರ ಹಿಂದಿನ ಶಬ್ದ. “ಬ್ಯಾಕ್ ಅಂದರ ಹೊಳ್ಳಿ ಮನೀಗೆ ಬಂದಿವಿ ಅಂತ ಅಲ್ಲೇನೋ? ಹಂಗಾರ ಹದಿನೈದು ದಿನ ಇಲ್ಲಿಗೆ ಬಂದಾಗ ಅಂವ ಎಲ್ಲಿಗೆ ಬಂದಿದ್ದ?” ಎಂದು ಕೇಳಿದನು. ನಾವು ಏನೋ ಸಮಾಧಾನ ಹೇಳಿ ಫೋನು ಇಟ್ಟೆವು. ಸಮಾಧಾನ ಅವನಿಗೂ ಆಗಲಿಲ್ಲ, ನಮಗೂ ಆಗಲಿಲ್ಲ.

ಅದೇ ಬೇಸರದಲ್ಲಿ ಮರುದಿನ ನಾವು ಮನೆಯಲ್ಲಿ ಒಂದು ತಪ್ಪು ಮಾಡಿದೆವು. ಮೊಮ್ಮಗಳು ಶಾಲೆಯಿಂದ ಬಂದವಳೇ, “ಅಜ್ಜಾ, ಮುಂದಿನ ಸೂಟೀಲಿ ಗಾವೀ ಹೋಗೋಣು?” ಎಂದಳು. ಗಾವ ಎಂದರೆ ಮರಾಠಿಯಲ್ಲಿ ಊರು. ಅವಳು ಹಾಗೆನ್ನುವುದು ಹೊಸದೇನಲ್ಲ. ಆ ದಿನ ಮಾತ್ರ ನಮಗೆ ಸಿಟ್ಟು ಬಂತು. “ಗಾವ ಅನ್ನಬ್ಯಾಡ. ಅದು ನಮ್ಮ ಶಬ್ದ ಅಲ್ಲ. ಊರು ಅನ್ನು. ಊರಿನ ಹೆಸರೂ ಪರರ ಬಾಯಿಂದ ತರಬೇಕೇನು?” ಎಂದು ಗದರಿಸಿದೆವು. ಹುಡುಗಿ ಸುಮ್ಮನಿರುವ ಜಾತಿಯವಳಲ್ಲ. “ಸೂಟಿ ಅಂತ ನೀವೂ ಅಂತೀರಿ, ಅದು ಮರಾಠಿ ಅಲ್ಲೇನು? ಬೆಳಗಾವಿ ಅಂತೀರಿ, ಅದರಾಗ ಗಾವ ಇಲ್ಲೇನು?” ಎಂದು ತಿರುಗಿ ಕೇಳಿ ಹೊರಗೆ ಓಡಿದಳು.

ನಕ್ಕು ಬಿಡಬಹುದಾಗಿತ್ತು. ಆದರೆ ಅಡಿಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ನಮ್ಮ ಸೊಸೆ ಸಾತಾರಾ ಜಿಲ್ಲೆಯ ಹಳ್ಳಿಯವಳು, ಮರಾಠಿ ಮನೆಯ ಮಗಳು. ನಮ್ಮ ಮನೆಗೆ ಬಂದು ಕನ್ನಡ ಕಲಿತಳು. ಅತ್ತೆಯ ಕೂಡ ಕನ್ನಡದಲ್ಲಿಯೇ ಮಾತಾಡುತ್ತಾಳೆ. ಜೋಳದ ರೊಟ್ಟಿ ನಮ್ಮ ಮನೆಯವರಿಗಿಂತ ತೆಳ್ಳಗೆ ಬಡಿಯುತ್ತಾಳೆ. ‘ಪರರ ಬಾಯಿ’ ಎಂದು ನಾವು ಅಂದದ್ದು ಯಾರ ಬಾಯಿ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ. ಏನೂ ಅನ್ನದೆ ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಬಡಿಸುವಾಗ ಎಂದಿನಂತೆ “ಬಾಬಾ, ಇನ್ನಷ್ಟು ಸಾರು?” ಎಂದು ಕೇಳಲಿಲ್ಲ. ನಮ್ಮ ಮನೆಯವರು ನಮ್ಮ ಮುಖ ನೋಡಿದರು. ಆ ನೋಟದ ಅರ್ಥ ಮದುವೆಯಾದವರಿಗೆ ವಿವರಿಸಬೇಕಾಗಿಲ್ಲ.

ಇರಲಿ. ಮನಸ್ಸು ಸರಿಯಿಲ್ಲದಾಗ ಪುಸ್ತಕದ ಕಡೆಗೆ ಹೋಗುವುದು ನಮ್ಮ ಹಳೆಯ ಅಭ್ಯಾಸ. ಪಟ್ಟಣದ ಒಂದು ಹಳೆಯ ವಾಚನಾಲಯಕ್ಕೆ ಹೋಗಿ ಬ್ಲೈಟಿಯ ಜಾಡು ಹುಡುಕಹತ್ತಿದೆವು. ಹುಡುಕಿದಂತೆ ನಗು ಬಂತು, ಆಮೇಲೆ ನಾಚಿಕೆಯೂ ಬಂತು.

ಬ್ಲೈಟಿ ಎಂದರೆ ರೋಗವಲ್ಲ, ಇಂಗ್ಲೆಂಡು. ಬರಿಯ ಇಂಗ್ಲೆಂಡೂ ಅಲ್ಲ; ಪರದೇಶದಲ್ಲಿರುವ ಇಂಗ್ಲಿಷರವನು ತನ್ನ ನಾಡನ್ನು ನೆನೆದು ಪ್ರೀತಿಯಿಂದ, ಸ್ವಲ್ಪ ನಗೆಯಿಂದ ಅನ್ನುವ ಶಬ್ದ. ನಮ್ಮಲ್ಲಿ ‘ಊರು’ ಅನ್ನುವಾಗ ಗಂಟಲಲ್ಲಿ ಏನಾಗುತ್ತದೆಯೋ, ಅವನಿಗೆ ‘ಬ್ಲೈಟಿ’ ಅನ್ನುವಾಗ ಹಾಗಾಗುತ್ತದೆ. ಇಷ್ಟು ಪ್ರೀತಿಯ ಶಬ್ದ ಅವನ ಭಾಷೆಯದಲ್ಲ. ಅದು ನಮ್ಮ ‘ವಿಲಾಯತಿ’. ವಕಾರವನ್ನು ಬಕಾರ ಮಾಡುವುದು ಉತ್ತರದ ಹಿಂದುಸ್ತಾನಿಯ ರೂಢಿ; ಹಾಗೆ ವಿಲಾಯತಿ ಬಿಲಾಯತಿಯಾಯಿತು. ಬಿಲಾಯತಿಯನ್ನು ಗೋರಾ ಸಿಪಾಯಿ ಅವಸರದಲ್ಲಿ ಅಂದಾಗ ಬ್ಲೈಟಿಯಾಯಿತು. ಹಿಂದುಸ್ತಾನದ ಛಾವಣಿಗಳಲ್ಲಿ ಅಡಿಗೆಯವರಿಂದ, ಧೋಬಿಗಳಿಂದ, ದೇಶೀ ಸಿಪಾಯಿಗಳಿಂದ ಕೇಳಿ ಕಲಿತ ಶಬ್ದ ಅದು.

ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು 1886ರಲ್ಲಿ ಅಚ್ಚು ಹಾಕಿಸಿದ ಒಂದು ದೊಡ್ಡ ಕೋಶವಿದೆ. ನಮ್ಮ ದೇಶದಲ್ಲಿ ಇಂಗ್ಲಿಷರ ನಾಲಗೆಗೆ ಹತ್ತಿದ ಶಬ್ದಗಳನ್ನೆಲ್ಲ ಅದರಲ್ಲಿ ಕೂಡಿಹಾಕಿದ್ದಾರೆ. ಅದರ ಹೆಸರೇ ಹಾಬ್ಸನ್-ಜಾಬ್ಸನ್. ಮೊಹರಮ್ಮಿನಲ್ಲಿ ಜನ “ಯಾ ಹಸನ್, ಯಾ ಹುಸೇನ್” ಎಂದು ಎದೆ ಬಡಿದುಕೊಳ್ಳುವುದು ಗೋರಾ ಸಿಪಾಯಿಗಳ ಕಿವಿಗೆ ಹಾಗೆ ಕೇಳಿಸಿತಂತೆ! ಅಂಥ ಕಿವಿಗೆ ಬಿಲಾಯತಿಯು ಬ್ಲೈಟಿಯಾದದ್ದು ಆಶ್ಚರ್ಯವಲ್ಲ. ಆ ಕೋಶದಲ್ಲಿ ಬಿಲಾಯತ್ ಎಂಬುದರ ಕೆಳಗೆ ಒಂದು ಮಾತಿದೆ. ಶಬ್ದದ ಮೂಲ ಅರ್ಥ ರಾಜ್ಯ, ಪ್ರಾಂತ. ಅಫಗಾನರು ಅನೇಕ ವೇಳೆ ತಮ್ಮ ಸ್ವಂತ ನಾಡಿಗೇ ವಿಲಾಯತ್ ಅನ್ನುತ್ತಾರೆ. ಹಿಂದುಸ್ತಾನದಲ್ಲಿಯಾದರೋ ಅದೇ ಶಬ್ದವನ್ನು ದೂರದ ಯುರೋಪಿಗೆ ಅನ್ನುತ್ತಾರೆ. ಬಂಗಾಲದ ಮಿರ್ಜಾ ಶೇಖ್ ಇತಿಸಾಮುದ್ದೀನರು 1760ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿಬಂದು ಪಾರಸಿಯಲ್ಲಿ ಪ್ರವಾಸದ ಕಥೆ ಬರೆದಾಗ ಅದರ ಹೆಸರಿನಲ್ಲಿ ಆ ನಾಡನ್ನು ವಿಲಾಯತ್ ಎಂದೇ ಕರೆದರು.

ಇನ್ನೂ ಹಿಂದಕ್ಕೆ ಹೋದರೆ ಅರಬ್ಬಿಯ ಮೂಲ ಸಿಗುತ್ತದೆ. ‘ವಲಿ’ ಎಂದರೆ ಹತ್ತಿರದವನು, ಕಾಯುವವನು. ನಮ್ಮ ಕಡೆಯ ದರ್ಗೆಗಳಲ್ಲಿ ಮಲಗಿದ ಸಂತರನ್ನು ವಲಿ ಅನ್ನುವುದು ಅವರು ದೇವರ ಹತ್ತಿರದವರು ಎಂದು. ಮೌಲ್ವಿ ಎಂಬ ಶಬ್ದವೂ ಅದೇ ಬೇರಿನದು. ಕಾಯುವವನ ಅಧಿಕಾರ ನಡೆಯುವ ನಾಡು ವಿಲಾಯತ್. ಹತ್ತಿರ ಎಂಬ ಬೇರಿನಿಂದ ಹುಟ್ಟಿದ ಶಬ್ದ ಏಳು ಸಮುದ್ರದ ಆಚೆಯ ನಾಡಿನ ಹೆಸರಾದದ್ದನ್ನು ನೋಡಿ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ನಮ್ಮ ಜನರಿಗೆ ವಿಲಾಯತಿ ಎಂದರೆ ಹೊರಗಿನದು, ಪರಕೀಯ. ಆ ಕೋಶವೇ ಹೇಳುವಂತೆ ಸೋಡಾ ನೀರು ಬಿಲಾಯತಿ ಪಾನಿ, ಟೊಮೆಟೊ ಬಿಲಾಯತಿ ಬದನೆ. ಪುಣೆಯ ರಸ್ತೆಬದಿಯಲ್ಲಿ ಮಕ್ಕಳು ಕೊಳ್ಳುವ ಸುರುಳಿಯ ಕಾಯಿ ವಿಲಾಯತಿ ಚಿಂಚ, ಅಂದರೆ ವಿಲಾಯತಿ ಹುಣಸೆ. ಆ ಗಿಡದ ತವರು ಮೆಕ್ಸಿಕೊದ ಕಡೆಗೆ; ಇಂಗ್ಲೆಂಡನ್ನು ಅದು ಕಂಡದ್ದೇ ಇಲ್ಲ. ಆದರೂ ಹಡಗಿನಲ್ಲಿ ಬಂದದ್ದೆಲ್ಲ ವಿಲಾಯತಿಯೇ. ನಾವು ಹೀಗೆ ‘ಇದು ನಮ್ಮದಲ್ಲ, ನಿಮ್ಮದು’ ಎಂದು ಗುರುತು ಹಚ್ಚಲು ಇಟ್ಟ ಹೆಸರನ್ನು ಇಂಗ್ಲಿಷರವನು ಎತ್ತಿಕೊಂಡು ಎದೆಗೆ ಅಪ್ಪಿಕೊಂಡನು. ತನ್ನ ಮನೆಗೆ ನೆರೆಯವನು ಇಟ್ಟ ಹೆಸರಿನಿಂದಲೇ ಮನೆಯನ್ನು ನೆನೆದು ಅತ್ತನು.

ಅತ್ತನು ಎಂಬುದು ಬರಿಯ ಅಲಂಕಾರವಲ್ಲ. ಈ ಶಬ್ದ ಛಾವಣಿಯ ಬೇಲಿ ದಾಟಿ ಎಲ್ಲರ ಬಾಯಿಗೆ ಬಂದದ್ದು 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ. ಫ್ರಾನ್ಸಿನ ಕಂದಕಗಳಲ್ಲಿ ಕೆಸರಿನಲ್ಲಿ ನಿಂತ ಸಿಪಾಯಿಗಳಿಗೆ ಬ್ಲೈಟಿಯೇ ಜಪವಾಯಿತು. ಪ್ರಾಣ ಹೋಗದಷ್ಟು, ಆದರೆ ಯುದ್ಧ ಮಾಡಲಾಗದಷ್ಟು ಗಾಯವಾದರೆ ದವಾಖಾನೆಯ ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಅಂಥ ಗಾಯಕ್ಕೂ ಬ್ಲೈಟಿ ಎಂದೇ ಹೆಸರು ಬಿತ್ತು. ಕೈಗೋ ಕಾಲಿಗೋ ಒಂದು ಬ್ಲೈಟಿ ತಗಲಲಿ ಎಂದು ಹರಕೆ ಹೊರುವ ಸ್ಥಿತಿ ಅವರದು! 1916ರಲ್ಲಿ ಬ್ಲೈಟಿಗೆ ಮರಳಿ ಕರೆದೊಯ್ಯಿರೆಂದು ಬೇಡುವ ಒಂದು ಹಾಡು ಇಂಗ್ಲೆಂಡಿನ ರಂಗಶಾಲೆಗಳಲ್ಲಿ ಹುಟ್ಟಿ ಮನೆಮಾತಾಯಿತು. ಅದೇ ವರ್ಷ ಸಿಪಾಯಿಗಳಿಗಾಗಿ ಬ್ಲೈಟಿ ಎಂಬ ನಗೆಪತ್ರಿಕೆಯೂ ಹೊರಟಿತು.

ಇದಕ್ಕೆ ಜೋಡಿಯಾದ ಇನ್ನೊಂದು ಶಬ್ದವೂ ಕೈಗೆ ಬಂತು. ಅದು ನಮ್ಮ ನಾಸಿಕದ ಹತ್ತಿರದ್ದು. ಅಲ್ಲಿಯ ದೇವಳಾಲಿಯಲ್ಲಿ ದಂಡಿನ ದೊಡ್ಡ ಶಿಬಿರವಿತ್ತು. ಕರಾರು ಮುಗಿದ ಗೋರಾ ಸಿಪಾಯಿಗಳು ಹಡಗಿಗಾಗಿ ಅಲ್ಲಿ ಕಾಯಬೇಕು. ದಂಡಿನ ಹಡಗುಗಳು ಚಳಿಗಾಲದಲ್ಲಿ ಮಾತ್ರ ಬರುತ್ತಿದ್ದವು. ಅವು ತಪ್ಪಿದರೆ ಬೇಸಿಗೆ ಮಳೆಗಾಲಗಳನ್ನೆಲ್ಲ ಅಲ್ಲಿಯೇ ಕಳೆಯಬೇಕು. ಕೆಲಸವಿಲ್ಲ, ಸೆಕೆ ಬಹಳ. ಕಾದು ಕಾದು ಕೆಲವರ ತಲೆ ತಿರುಗುತ್ತಿತ್ತು. ಆ ಸ್ಥಿತಿಗೆ ಅವರು ‘ಡೂಲ್ಯಾಲಿ ಟ್ಯಾಪ್’ ಎಂದರು. ಡೂಲ್ಯಾಲಿ ನಮ್ಮ ದೇವಳಾಲಿ. ಟ್ಯಾಪ್ ಎಂದರೆ ಜ್ವರ, ನಮ್ಮ ತಾಪದ ಬಳಗದ್ದು. ಇಂದಿಗೂ ಇಂಗ್ಲಿಷಿನಲ್ಲಿ ತಲೆಕೆಟ್ಟವನಿಗೆ ಡೂಲ್ಯಾಲಿ ಅನ್ನುತ್ತಾರೆ. ಬ್ಲೈಟಿಯ ದಾರಿ ಕಾಯುತ್ತ ಡೂಲ್ಯಾಲಿಯಾಗುವುದು! ಪರಊರಿನಲ್ಲಿ ಇರುವವನ ಇಡೀ ಕಥೆ ಈ ಎರಡು ಶಬ್ದಗಳಲ್ಲಿ ಇದೆ. ಎರಡನ್ನೂ ಕೊಟ್ಟವರು ನಾವೇ.

ಮನೆಗೆ ಬಂದು ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆವು. ರೋಗದ ಅರ್ಥವನ್ನು ಹಿಂದಕ್ಕೆ ತೆಗೆದುಕೊಂಡೆವು. ನಮ್ಮ ಮೇಲಿನ ಮಾಳಿಗೆಯಲ್ಲಿ ಮೈಸೂರ ಕಡೆಯ ಒಂದು ಸಂಸಾರವಿದೆ. ಆ ತಾಯಿ ಅಂದು ಬೆಂಗಳೂರಿನಿಂದ ತಂದ ಸೀಮೆಬದನೆಕಾಯಿ ಕೊಡಲು ಬಂದಿದ್ದರು. ಕೇಳುತ್ತ ನಿಂತವರು, “ವಿಲಾಯತಿ ಅಂದ್ರೆ ನಮ್ಮ ಸೀಮೆ ಇದ್ದ ಹಾಗಲ್ವೇ?” ಎಂದರು. ನಿಜ! ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಹೊರದೇಶದಿಂದ ಬಂದದ್ದೆಲ್ಲ ಕನ್ನಡದಲ್ಲಿ ಸೀಮೆಯದು. ಆದರೆ ‘ನಮ್ಮ ಸೀಮೆಯವರು’ ಎಂದರೆ ಯಾರು? ನಮ್ಮ ನಾಡಿನವರೇ. ಒಂದೇ ಶಬ್ದ, ಮುಂದೆ ಎಣ್ಣೆ ಸೇರಿದರೆ ಪರನಾಡು, ಹಿಂದೆ ‘ನಮ್ಮ’ ಸೇರಿದರೆ ತವರುನಾಡು. ಮೂಲದಲ್ಲಿ ಸೀಮೆ ಎಂದರೆ ಗಡಿ. ಗಡಿ ಎಂದಮೇಲೆ ಅದಕ್ಕೆ ಎರಡು ಮಗ್ಗುಲು ಇರಲೇಬೇಕಲ್ಲ! ಆ ಕಾಯಿಯ ಗತಿಯನ್ನೇ ನೋಡಿರಿ. ಅದರ ಹುಟ್ಟೂ ಮೆಕ್ಸಿಕೊದ ಕಡೆಗೇ. ನಾವು ಅದನ್ನು ಸೀಮೆಯದೆಂದು ಹೊರಗಿಟ್ಟೆವು. ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆ ಅನ್ನುತ್ತಾರೆ. ಪುಣೆಯಲ್ಲಿದ್ದು ಬೆಳಗಾವಿಯವರಾದ ನಮಗೆ ಸೀಮೆಯ ಮಾತು 1956ರಿಂದ ಇನ್ನೊಂದು ಬಗೆಯಲ್ಲಿಯೂ ಗೊತ್ತು. ಅದನ್ನು ಈ ಕುಟುಂಬ ಪತ್ರಿಕೆಯಲ್ಲಿ ಎತ್ತುವುದಿಲ್ಲ.

ಸೊಸೆ ಬದನೆಕಾಯಿ ತೆಗೆದುಕೊಂಡಳು, ನಕ್ಕಳು, ಆದರೆ ನಮ್ಮ ಕಡೆಗೆ ನೋಡಿ ನಗಲಿಲ್ಲ.

ಆ ರವಿವಾರ ಮೊಮ್ಮಗಳನ್ನು ಕರೆದುಕೊಂಡು ಖಡಕಿಗೆ ಹೋಗಬೇಕೆಂದು ನಿಶ್ಚಯಿಸಿದೆವು. ಅಲ್ಲಿ ಯುದ್ಧದಲ್ಲಿ ಮಡಿದವರ ಸ್ಮಶಾನಭೂಮಿ ಇದೆ. ನೌಕರಿಯ ದಿನಗಳಲ್ಲಿ ಅದರ ಮುಂದಿನಿಂದ ಬಸ್ಸಿನಲ್ಲಿ ಎಷ್ಟು ಸಾವಿರ ಸಲ ಹೋಗಿದ್ದೇವೆಯೋ. ಒಂದು ದಿನವೂ ಇಳಿದಿರಲಿಲ್ಲ. ಮಗನಿಗೆ ಕೆಲಸವಿತ್ತು. ನಮ್ಮ ಮನೆಯವರು ಸೊಸೆಗೆ, “ನೀನೂ ಹೋಗವ್ವ, ಇವರಿಗೆ ರಸ್ತೆ ದಾಟಲಿಕ್ಕೆ ಬರೂದಿಲ್ಲ” ಎಂದರು. ರಸ್ತೆ ದಾಟಲು ನಮಗೆ ಚೆನ್ನಾಗಿ ಬರುತ್ತದೆ. ಆದರೆ ಮನೆಯವರ ಮಾತಿನ ಹಂಚಿಕೆ ತಿಳಿದು ಸುಮ್ಮನಿದ್ದೆವು.

ಖಡಕಿಯ ಆ ಜಾಗ ಬಹಳ ಶಾಂತವಾಗಿದೆ. ಹಸುರು ಹುಲ್ಲಿನ ಮೇಲೆ ಒಂದೇ ಅಳತೆಯ ಕಲ್ಲುಗಳ ಸಾಲು ಸಾಲು. ಎರಡನೆಯ ಮಹಾಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳು ಅಲ್ಲಿವೆ. ಮೊದಲನೆಯ ಯುದ್ಧದ ಕಾಲದಲ್ಲಿ ಈ ದೇಶದಲ್ಲಿ ತೀರಿಕೊಂಡು, ಸಮಾಧಿಗಳನ್ನು ಕಾಪಾಡುವುದು ಸಾಧ್ಯವಾಗದೆ ಹೋದ 1,800ಕ್ಕೂ ಹೆಚ್ಚು ಜನರ ಹೆಸರುಗಳನ್ನೂ ಅಲ್ಲಿಯ ಸ್ಮಾರಕದಲ್ಲಿ ಕೆತ್ತಿದ್ದಾರೆ. ಕಲ್ಲುಗಳ ಮೇಲಿನ ವಯಸ್ಸನ್ನು ಮೊಮ್ಮಗಳು ಓದುತ್ತ ಹೋದಳು. ಬಹುತೇಕ ಎಳೆಯ ಹುಡುಗರು. “ಅಜ್ಜಾ, ಇವರೂ ಬ್ಲೈಟಿ ಅಂತಿದ್ದರೇನು?” ಎಂದಳು. “ಅಂದಿರಬೇಕು” ಎಂದೆವು. “ಹಂಗಾರ ಇವರಿಗೆ ಬ್ಯಾಕ್ ಆಗಲೇ ಇಲ್ಲ” ಎಂದಳು. ನಮ್ಮ ಮಣ್ಣಿನಲ್ಲಿ ಕಲಿತ ಶಬ್ದವನ್ನು ಬಾಯಲ್ಲಿ ಇಟ್ಟುಕೊಂಡು ನಮ್ಮ ಮಣ್ಣಿನಲ್ಲಿಯೇ ಮಲಗಿದ್ದಾರೆ. ಆಳುವವರಾಗಿ ಬಂದರು, ದಬ್ಬಾಳಿಕೆ ನಡೆಯಿತು, ಅದೆಲ್ಲ ನಿಜ. ಆದರೂ ಆ ಸಾಲುಗಳ ನಡುವೆ ನಿಂತಾಗ ನಮ್ಮ ಮನಸ್ಸಿಗೆ ಬಂದದ್ದು ಅವರ ತಾಯಂದಿರು.

ಆಗ ಸೊಸೆ ಮಾತಾಡಿದಳು. ಎರಡು ವಾರಗಳ ನಂತರ ನಮ್ಮೊಡನೆ ಅವಳು ಆಡಿದ ಮೊದಲ ಉದ್ದ ಮಾತು ಅದು. “ಬಾಬಾ, ನಮ್ಮ ಪಣಜೋಬಾನೂ ಆ ಮೊದಲಿನ ಯುದ್ಧಕ್ಕ ಹೋಗಿದ್ದರು. ಮರಾಠಾ ಪಲ್ಟಣದಾಗ. ವಾಪಸ ಬರಲಿಲ್ಲ. ನಮ್ಮ ಪಣಜಿ ಸಾಯೂತನಕ ‘ತೇ ವಿಲಾಯತೇಲಾ ಗೇಲೇ’ ಅಂತಿದ್ದಳಂತ. ಅವರು ವಿಲಾಯತಿಗೆ ಹೋಗ್ಯಾರ ಅಂತ. ಸತ್ತಾರ ಅಂತ ಒಂದು ಸಲಾನೂ ಅನ್ನಲಿಲ್ಲಂತ. ನಮ್ಮ ಅಪ್ಪ ಶಾಲಿಗೆ ಹೋದ ಮ್ಯಾಲ, ‘ಆಜೀ, ಅವರು ಹೋಗಿದ್ದು ವಿಲಾಯತಿಗೆ ಅಲ್ಲ, ಇರಾಕಿಗೆ’ ಅಂತ ತಿದ್ದಿ ಹೇಳಿದರ, ಅಕಿ ಮೂರು ದಿನ ಅವರ ಕೂಡ ಮಾತಾಡಲಿಲ್ಲಂತ.”

ನಾವು ಮಾತಾಡದೆ ನಡೆದೆವು. ಸಾತಾರಾ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ಈ ಊರಿನಿಂದ ಇಷ್ಟು ಜನ 1914ರ ಯುದ್ಧಕ್ಕೆ ಹೋದರು, ಇಷ್ಟು ಜನ ಮಡಿದರು ಎಂದು ಹೇಳುವ ಕಲ್ಲುಗಳಿವೆ. ನಮ್ಮ ಸೊಸೆಯ ಮನೆಯಲ್ಲಿ ಆ ಲೆಕ್ಕದ ಒಂದು ಪಾಲಿದೆ ಎಂಬುದು ಹನ್ನೆರಡು ವರ್ಷಗಳಲ್ಲಿ ನಮಗೆ ತಿಳಿದಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಮರುದಿನ ಮತ್ತೆ ವಾಚನಾಲಯಕ್ಕೆ ಹೋದೆವು. ಮೆಸೊಪೊಟೇಮಿಯಾಕ್ಕೆ ಹೋದ ದಂಡಿನ ಹೆಸರು ಆರನೆಯ ಪೂನಾ ಡಿವಿಜನ್; ನಮ್ಮ ಈ ಪುಣೆಯ ಹೆಸರಿನದೇ. ಅದರಲ್ಲಿ ಮರಾಠಾ ಪಲ್ಟಣಗಳಿದ್ದವು. ಅವುಗಳ ವಂಶವಾದ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಂದು ನಮ್ಮ ಬೆಳಗಾವಿಯಲ್ಲಿಯೇ ಇದೆ. ಆ ದಂಡು 1914ರ ನವೆಂಬರಿನಲ್ಲಿ ಬಸ್ರಾ ಹಿಡಿಯಿತು, ಬಗದಾದದ ಕಡೆಗೆ ನಡೆಯಿತು, ಹಿಂದೆ ಸರಿದು ಕೂತ್ ಎಂಬ ಊರಿನಲ್ಲಿ ಸಿಕ್ಕಿಕೊಂಡಿತು. 1915ರ ಡಿಸೆಂಬರಿನಿಂದ 147 ದಿನ ತುರ್ಕರ ಮುತ್ತಿಗೆ. ಅನ್ನವಿಲ್ಲದೆ 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13,000 ಜನ ಸೆರೆಯಾದರು. ಅವರಲ್ಲಿ ಹೆಚ್ಚಿನವರು ನಮ್ಮ ದೇಶದವರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋದ ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ಸಾವಿರಾರು ಜನ ಸತ್ತರು. ಇಂಗ್ಲೆಂಡಿನಲ್ಲಿ ಜನ ಬ್ಲೈಟಿಯ ಹಾಡು ಹಾಡುತ್ತಿದ್ದ ವರ್ಷವೇ ಅದು.

ಅಲ್ಲಿಯೇ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದು ನಾವು ಕುರ್ಚಿಯಿಂದ ಎದ್ದುನಿಂತೆವು. ಆಗ ಆ ನಾಡು ತುರ್ಕಿಯ ಸುಲ್ತಾನನದು. ಸುಲ್ತಾನನ ಸರಕಾರ 1864ರ ಕಾಯದೆಯಿಂದ ತನ್ನ ರಾಜ್ಯವನ್ನು ಪ್ರಾಂತಗಳಾಗಿ ಹಂಚಿತ್ತು. ಪ್ರಾಂತಕ್ಕೆ ಅವರ ದಫ್ತರದ ಹೆಸರು ವಿಲಾಯತ್. ಬಸ್ರಾ ವಿಲಾಯತ್, ಬಗದಾದ ವಿಲಾಯತ್, ಮೋಸುಲ್ ವಿಲಾಯತ್. ಕೂತ್ ಇದ್ದದ್ದು ಬಗದಾದ ವಿಲಾಯತಿನಲ್ಲಿ. ಆ ಮುದುಕಿ ಅಂದದ್ದು ಅಕ್ಷರಶಃ ನಿಜ! ಅವಳ ಗಂಡ ವಿಲಾಯತಿಗೇ ಹೋಗಿದ್ದನು. ಶಾಲೆ ಕಲಿತ ಮೊಮ್ಮಗ ಅವಳನ್ನು ತಿದ್ದಬೇಕಾಗಿರಲಿಲ್ಲ.

ಅದೇ ಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ನಮ್ಮ ದೇಶದ ಸಿಪಾಯಿಗಳನ್ನು ಇಂಗ್ಲೆಂಡಿಗೆ ಒಯ್ದು, ಬ್ರೈಟನ್ನಿನ ಒಂದು ಅರಮನೆಯನ್ನೇ ದವಾಖಾನೆ ಮಾಡಿ ಇರಿಸಿದ್ದರು. ಗೋರಾ ಸಿಪಾಯಿಗೂ ದೇಶೀ ಸಿಪಾಯಿಗೂ ಗಾಯ ಒಂದೇ, ಹಡಗು ಮುಟ್ಟಿದ ನಾಡು ಒಂದೇ, ಆ ನಾಡಿಗೆ ಇಬ್ಬರೂ ಅಂದ ಶಬ್ದವೂ ಒಂದೇ. ಒಬ್ಬನು ಬ್ಲೈಟಿ ಎಂದು ಮನೆ ಮುಟ್ಟಿದನು. ಇನ್ನೊಬ್ಬನು ವಿಲಾಯತಿ ಎಂದು ಮನೆಯಿಂದ ಇನ್ನಷ್ಟು ದೂರ ಬಂದನು. ಶಬ್ದ ತಾನೇ ಏನು ಮಾಡೀತು? ಅನ್ನುವವನ ಮನೆ ಎಲ್ಲಿದೆಯೋ ಅತ್ತ ಅದು ಮುಖ ತಿರುಗಿಸುತ್ತದೆ.

ಸಂಜೆ ಮನೆಗೆ ಬಂದು ಸೊಸೆಯನ್ನು ಕರೆದು ಕೂಡಿಸಿ ಇದನ್ನು ಹೇಳಿದೆವು. ಮೊದಲು ನಂಬಲಿಲ್ಲ. ಬರೆದುಕೊಂಡು ಬಂದ ಕಾಗದ ತೋರಿಸಿದೆವು. ಬಹಳ ಹೊತ್ತು ಅದನ್ನೇ ನೋಡಿ, “ಅಪ್ಪಾಗ ಫೋನ್ ಮಾಡಿ ಹೇಳತೀನಿ” ಎಂದು ಎದ್ದಳು. ಆಗ ನಾವು ಅನ್ನಬೇಕಾದದ್ದನ್ನು ಅಂದೆವು: “ಅವತ್ತು ನಾನು ಗಾವ ಅನ್ನೋದಕ್ಕ ಹಂಗ ಅನ್ನಬಾರದಾಗಿತ್ತವ್ವ. ತಪ್ಪಾತು.” ಇದುವರೆಗೆ ನಾವು ಈ ಬರಹದಲ್ಲಿ ನಾವು ನಾವು ಎಂದು ಬರೆಯುತ್ತ ಬಂದಿದ್ದೇವೆ, ಆದರೆ ತಪ್ಪಾಯಿತು ಎನ್ನುವಾಗ ‘ನಾನು’ ಎಂದೇ ಬಂತು. ಸೊಸೆ, “ಅಯ್ಯ, ಅದೇನು ಬಾಬಾ” ಎಂದಳು. ಊಟಕ್ಕೆ ಕುಳಿತಾಗ ಕೇಳದೆಯೇ ಎರಡು ಸಲ ಸಾರು ಬಿತ್ತು.

ಅಣ್ಣನಿಗೂ ಫೋನು ಮಾಡಿದೆವು. ಅವನ ಮಗ ಬರೆದದ್ದು ನಮ್ಮದೇ ಶಬ್ದ, ನಮ್ಮ ವಿಲಾಯತಿ ಎಂದು ತಿಳಿಸಿದೆವು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಅಂವ ವಿಲಾಯತಿ ಮುಟ್ಟೀನಿ ಅಂತ ಬರದಾನ ಅನ್ನು” ಎಂದನು. ಹೌದೆಂದೆವು. ಹುಡುಗನ ಮನಸ್ಸಿನಲ್ಲಿ ಆ ಶಬ್ದ ಯಾವ ಕಡೆಗೆ ಮುಖ ಮಾಡಿತ್ತು ಎಂಬುದನ್ನು ನಾವು ಹೇಳಲಾರೆವು. ಅವನನ್ನು ಕೇಳಲೂ ಇಲ್ಲ. ಹದಿನಾಲ್ಕು ವರ್ಷ ಬೆಳಗು ಬೈಗು ಕಳೆದ ನಾಡು ಅವನಿಗೆ ಸ್ವಲ್ಪವಾದರೂ ಮನೆಯಾಗದಿದ್ದರೆ ಅವನು ಡೂಲ್ಯಾಲಿಯಾಗಬೇಕಾದೀತು. ಅದು ಅಣ್ಣನಿಗೆ ಬೇಕೇ? ನಮಗೆ ಬೇಕೇ?

ಊರಿಗೆ ಪರರ ಬಾಯಿಂದ ಹೆಸರು ತರಬೇಕೇ ಎಂದು ನಾವು ಮೊಮ್ಮಗಳನ್ನು ಗದರಿಸಿದ್ದೆವು. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ; ಅದರ ಗ್ರಾಮವೂ ಮರಾಠಿಯ ಗಾವವೂ ಒಂದೇ ತಾಯಿಯ ಮಕ್ಕಳು. ಮರಾಠಿಗರು ದಿನಾಲು ಅನ್ನಕ್ಕೆ ಹಾಕಿಕೊಳ್ಳುವ ತೂಪ ನಮ್ಮ ತುಪ್ಪ. ನಾವು ಕೂಡುವ ಖುರ್ಚಿ, ಹೋಗುವ ದವಾಖಾನೆ ಅರಬ್ಬಿ ಪಾರಸಿಗಳ ಕಡೆಯವು. ಇಷ್ಟೆಲ್ಲ ಕೊಟ್ಟು ತಂದ ಮನೆಯಲ್ಲಿ ಒಂದು ಹುಡುಗಿ ತಾಯಿಯ ಶಬ್ದದಿಂದ ತಂದೆಯ ಊರನ್ನು ಕರೆದರೆ ಊರಿಗೇನೂ ಕಡಿಮೆಯಾಗುವುದಿಲ್ಲ. ಅವಳು ಕರೆಯುವುದನ್ನೇ ಬಿಟ್ಟರೆ ಅದು ಬೇರೆ ಮಾತು. ನಮಗೆ ಕಾವಲು ಕಾಯಬೇಕಾದದ್ದು ಅಲ್ಲಿ. ಪರಊರಿನಲ್ಲಿ ಮನೆ ಮಾಡಿದ ಓದುಗರು ತಮ್ಮ ಮಕ್ಕಳು ಊರಿಗೆ ಏನನ್ನುತ್ತಾರೆಂದು ಒಮ್ಮೆ ಕಿವಿಗೊಟ್ಟು ಕೇಳಬೇಕು. ತಿದ್ದುವುದಕ್ಕೆ ಮೊದಲು, ಆ ಶಬ್ದ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಬೇಕು.

ಮೇ ತಿಂಗಳ ಸೂಟಿಯಲ್ಲಿ ಎಲ್ಲರೂ ಊರಿಗೆ ಹೊರಟೆವು. ಈ ಸಲ ಸೊಸೆಯ ಊರಿನಲ್ಲಿ ಎರಡು ದಿನ ಇಳಿದು ಮುಂದೆ ಹೋಗುವುದೆಂದು ಗೊತ್ತುಮಾಡಿದ್ದೆವು. ಸಾತಾರದಲ್ಲಿ ಆ ಎರಡು ದಿನ ಕಳೆದು, ಅಲ್ಲಿಂದ ಕರ್ನಾಟಕದ ಬಸ್ಸು ಹತ್ತಿದೆವು. ಕಂಡಕ್ಟರ ನಮ್ಮ ಕಡೆಯವನೇ. “ಎಲ್ಲಿಗೆ?” ಎಂದು ಕೇಳಿದನು. ನಾವು ಬಾಯಿ ತೆರೆಯುವ ಮೊದಲೇ ಕಿಟಕಿಯ ಹತ್ತಿರ ಕುಳಿತ ಮೊಮ್ಮಗಳು ತಿರುಗಿ, “ಗಾವಿಗೆ” ಎಂದಳು. ಮರಾಠಿಯ ಗಾವಕ್ಕೆ ಕನ್ನಡದ ಬಾಲ! ಕಂಡಕ್ಟರ ಏನೂ ಅನುಮಾನಿಸಲಿಲ್ಲ. ಬೆಳ ಎಂಬುದು ಗಾಳಿಯಲ್ಲಿ ಹೋಯಿತೆಂದು ತಿಳಿದನೋ ಏನೋ. ಬೆಳಗಾವಿಗೆ ನಾಲ್ಕು ಪೂರಾ, ಒಂದು ಅರ್ಧ ಟಿಕೇಟು ಹರಿದು ಕೊಟ್ಟನು. ನಾವು ತಿದ್ದಲಿಲ್ಲ.